ಎರಡು ಹೆಸರು, ಒಂದು ಕೋಣೆ
ವಿಜಯಪುರ ನಗರ, ತಿಕೋಟಾ ಹಾಗೂ ಬಬಲೇಶ್ವರಗಳಲ್ಲಿ ಕೂಸಿನ ದಾರಿ ಕಾಯುತ್ತಿರುವ ದಂಪತಿಗಳಿಗೆ ಬಹಿರಂಗ ಪತ್ರ



ಕುಬಸದ ಸೀರೆಯನ್ನುಟ್ಟು, ಮುಂಗೈ ತುಂಬ ಹಸುರು ಬಳೆಯನ್ನಿಟ್ಟು, ಚೊಚ್ಚಲ ಹೆರಿಗೆಗೆಂದು ತವರಿಗೆ ಹೊರಟು ನಿಂತ ಹೆಣ್ಣುಮಗಳಿಗೂ, ಅವಳನ್ನು ಕಳುಹಿಸಿಕೊಟ್ಟು ಬಂದು ಬಿಕೋ ಎನ್ನುವ ಮನೆಯಲ್ಲಿ ತನಗಿನ್ನೇನು ಕೆಲಸವೆಂದು ಯೋಚಿಸುತ್ತ ಕುಳಿತ ಗಂಡನಿಗೂ ಒಂದೇ ಲಕೋಟೆಯಲ್ಲಿಟ್ಟು ಬರೆಯುತ್ತಿರುವ ಪತ್ರವಿದು. ನೀವು ವಿಜಯಪುರದ ಪೇಟೆಯ ಓಣಿಯವರಿರಲಿ, ತಿಕೋಟೆಯ ದ್ರಾಕ್ಷಿತೋಟದ ಮನೆಯವರಿರಲಿ, ಬಬಲೇಶ್ವರದ ಸುತ್ತಲಿನ ಎರೆಹೊಲದ ಊರಿನವರಿರಲಿ, ಈ ದಿನಗಳಲ್ಲಿ ನಿಮಗೆ ಉಪದೇಶ ಮಾಡುವವರ ಬರವೇನೂ ಇರದೆಂಬುದನ್ನು ಬಲ್ಲೆ. ಏನು ಉಣ್ಣಬೇಕು, ಎತ್ತ ತಲೆಯಿಟ್ಟು ಮಲಗಬೇಕು, ಗ್ರಹಣದ ಹೊತ್ತಿನಲ್ಲಿ ಎಲ್ಲಿ ಕುಳಿತಿರಬೇಕು ಎಂಬುದನ್ನೆಲ್ಲ ಹೇಳಲು ಓಣಿಗೆ ಓಣಿಯೇ ಸಿದ್ಧವಾಗಿರುವಾಗ ಇನ್ನೊಬ್ಬನ ಮಾತು ನಿಮಗೆ ಹೊರೆಯೆನಿಸಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಆದಕಾರಣ ನನ್ನ ಬಿನ್ನಹವನ್ನು ಮೊದಲಿಗೇ ಹೇಳಿಬಿಡುತ್ತೇನೆ. ಹೆಸರುಗಳನ್ನು ಎರಡು ಸಿದ್ಧಮಾಡಿರಿ, ಎರಡಕ್ಕೂ ಸಮನಾದ ವಿಚಾರವನ್ನು ವ್ಯಯಿಸಿರಿ. ಕೋಣೆಯನ್ನು ಒಂದನ್ನೇ ಸಿದ್ಧಮಾಡಿರಿ, ಯಾವ ಕೂಸು ಬಂದರೂ ಅದು ತನಗಾಗಿಯೇ ಕಾದಿತ್ತೆಂದು ತಿಳಿಯುವಂತೆ ಅದನ್ನು ಅಣಿಗೊಳಿಸಿರಿ.

ಎರಡು ಹೆಸರು ಏತಕ್ಕೆಂದರೆ, ಬರುವುದು ಗಂಡೋ ಹೆಣ್ಣೋ ಎಂಬುದನ್ನು ನಾವು ಮುಂದಾಗಿ ತಿಳಿಯತಕ್ಕುದಲ್ಲ. ಪರದೇಶಗಳಲ್ಲಿ ಗರ್ಭಕ್ಕೆ ಐದು ತಿಂಗಳು ತುಂಬುವಷ್ಟರಲ್ಲಿ ವೈದ್ಯರೇ ತಿಳಿಸುವರೆಂದೂ, ಅದಕ್ಕೆ ತಕ್ಕಂತೆ ಗೋಡೆಗೆ ಬಣ್ಣ ಹಚ್ಚಿ ಅಂಗಿ ಟೊಪ್ಪಿಗೆಗಳನ್ನು ಕೊಳ್ಳುವರೆಂದೂ ನೀವು ಕೇಳಿರಬಹುದು. ನಮ್ಮಲ್ಲಿ 1994ರ ಕಾಯಿದೆಯು ಅದನ್ನು ಅಪರಾಧವೆಂದು ಸಾರಿತು, ಮತ್ತು ಯಾವ ಪಾಪದ ನಿವಾರಣೆಗಾಗಿ ಸಾರಿತೆಂಬುದು ನಿಮಗೆ ತಿಳಿಯದ ಸಂಗತಿಯೂ ಅಲ್ಲ. ಈ ನಿಷೇಧದಿಂದ ನಮಗೊಂದು ಅನಪೇಕ್ಷಿತವಾದ ಲಾಭವೂ ಒದಗಿದೆ. ಒಂಬತ್ತು ತಿಂಗಳ ಪರ್ಯಂತ ಎರಡು ಕೂಸುಗಳೂ ಮನಸ್ಸಿನಲ್ಲಿ ಸಮನಾಗಿ ಬೆಳೆಯಬಹುದಾದ ಅವಕಾಶವು ನಮಗುಂಟು. ಆ ಅವಕಾಶವನ್ನು ನಾವು ಬಳಸಿಕೊಳ್ಳುತ್ತಿರುವೆವೇ ಎಂಬುದನ್ನು ಅರಿಯಲು ಕುಬಸದ ದಿನ ನಡುಮನೆಯಲ್ಲಿ ಒಂದು ಗಳಿಗೆ ಕುಳಿತರೆ ಸಾಕು. ಗಂಡಿನ ಹೆಸರು ಆಗಲೇ ನಿಶ್ಚಯವಾಗಿರುತ್ತದೆ. ಅದರ ಸಂಬಂಧವಾಗಿ ಮುತ್ಯಾನ ಹೆಸರೋ ಮನೆದೇವರ ಹೆಸರೋ ಎಂದು ಅಣ್ಣತಮ್ಮಂದಿರಲ್ಲಿ ಒಂದು ವಾಗ್ವಾದವೂ ಮುಗಿದಿರುತ್ತದೆ. ಹೆಣ್ಣಿನ ಹೆಸರೇನೆಂದು ಯಾರಾದರೂ ಕೇಳಿದರೆ ಬರುವ ಉತ್ತರ, "ಹೆಣ್ಣಾದ್ರ ಆವಾಗ ನೋಡೂಣಂತ." ಈ ಮಾತಿನಲ್ಲಿ ದ್ವೇಷವಿಲ್ಲ, ತಿರಸ್ಕಾರವೂ ಇಲ್ಲ, ಆದರೂ ಇನ್ನೂ ಹುಟ್ಟದ ಒಂದು ಜೀವವನ್ನು ಬಾಗಿಲ ಹೊರಗೆ ತುಸು ನಿಲ್ಲಿಸಿದ ಹಾಗಾಯಿತೆಂಬುದನ್ನು ನೀವಾದರೂ ಗಮನಿಸಬೇಕೆಂದು ಬೇಡುತ್ತೇನೆ.

ಹಿರಿಯರ ಹೆಸರಿಡುವ ಪದ್ಧತಿಯನ್ನು ನಾನು ಅಲ್ಲಗಳೆಯುವವನಲ್ಲ. ತೀರಿಹೋದ ಮುತ್ಯಾ ಮರಳಿ ಬಂದನೆಂದು ನಂಬಿ ಮೊಮ್ಮಗನಿಗೆ ಅವನ ಹೆಸರಿಟ್ಟ ಮನೆಯಲ್ಲಿ, ಮಾವನ ಹೆಸರನ್ನು ಬಾಯಿಬಿಟ್ಟು ನುಡಿಯಲಾರದ ಸೊಸೆಯು ತನ್ನ ಕೂಸನ್ನೇ "ಮುತ್ಯಾ, ಬಾ ಉಣ್ಣು" ಎಂದು ಕರೆಯುವುದನ್ನು ಕೇಳಿದವರಿಗೆ ಆ ಪದ್ಧತಿಯ ಮಾಧುರ್ಯವು ಅರಿವಾಗದಿರದು. ಆದರೆ ಮುತ್ಯಾನು ಮರಳಿ ಬರುವ ಮನೆಗೆ ಆಯಿಯೂ ಮರಳಿ ಬರಬಾರದೇಕೆ? ಹೊಲದಲ್ಲಿ ಬೆಳೆದುದನ್ನು ಕಣಜಕ್ಕೇರಿಸಿ, ಬರಗಾಲದ ವರ್ಷಗಳಲ್ಲಿ ಒಲೆಯನ್ನು ಆರಗೊಡದೆ, ಹತ್ತು ಮಂದಿಯ ಸಂಸಾರವನ್ನು ನಡೆಸಿದ ಗೌರವ್ವ, ನೀಲವ್ವ, ಗಂಗವ್ವರ ಹೆಸರುಗಳು ಒಂದೇ ತಲೆಮಾರಿಗೆ ಮುಗಿದುಹೋಗುತ್ತಿವೆ. ಗಂಡಾದರೆ ಮುತ್ಯಾನ ಹೆಸರೆಂದು ಗೊತ್ತುಮಾಡಿದವರು ಹೆಣ್ಣಾದರೆ ಆಯಿಯ ಹೆಸರೆಂದು ಅದೇ ದಿನ ಗೊತ್ತುಮಾಡಲಿ. ಕಾಲಕ್ಕೆ ತಕ್ಕಂತೆ ನೀಲವ್ವನನ್ನು ನೀಲಾಂಬಿಕೆಯೆಂದೋ ನೀಲಾ ಎಂದೋ ಮಾರ್ಪಡಿಸಿಕೊಂಡರೂ ಚಿಂತೆಯಿಲ್ಲ.

ನಮ್ಮ ಸೀಮೆಯಲ್ಲಿ ಹೆಸರುಗಳಿಗೆ ದಾರಿದ್ರ್ಯವಿಲ್ಲ. ಸಂಕ್ರಾಂತಿಯ ಜಾತ್ರೆಯ ಸಿದ್ಧೇಶ್ವರನಿಂದ ಸಿದ್ದಪ್ಪ, ಸಿದ್ದವ್ವ, ಸಿದ್ರಾಮರು ಬಂದರು. ಅರಕೇರಿಯ ಅಮೋಗಸಿದ್ಧನಿಂದ ಅಮೋಗಿ ಬಂದನು. ತೊರವಿಯ ನರಸಿಂಹನಿಂದ ನರಹರಿ ಬಂದನು, ಆ ಹೆಸರಿನವನೇ ಒಬ್ಬನು ಕುಮಾರ ವಾಲ್ಮೀಕಿಯೆನಿಸಿ ತೊರವೆ ರಾಮಾಯಣವನ್ನು ಹಾಡಿದನು. ಆದಿಲಶಾಹಿಯ ಅಧಿಕಾರವನ್ನು ಬಿಟ್ಟು ಹರಿದಾಸರಾದ ಮಹಿಪತಿರಾಯರ ಹೆಸರು ಬಬಲೇಶ್ವರದ ಕಾಖಂಡಕಿಯಲ್ಲಿ ಈಗಲೂ ಜೀವಂತವಾಗಿದೆ. ನಗರದ ಹಾಶಿಂಪೀರ ದರ್ಗೆಯ ಹೆಸರನ್ನು ಹೊತ್ತವರು ಎಷ್ಟೋ ಓಣಿಗಳಲ್ಲಿ ಸಿಗುತ್ತಾರೆ. ಹೆಸರಿಗೆ ಧರ್ಮದ ಬೇಲಿಯನ್ನು ಕಟ್ಟುವ ಗೀಳು ನಮ್ಮ ಪೂರ್ವಿಕರಿಗೆ ಅಷ್ಟಾಗಿ ಇದ್ದಂತಿಲ್ಲ. ಬಸವಾದಿ ಶರಣರ ವಚನಗಳ ತಾಳೆಗರಿಗಳನ್ನು ಊರೂರು ಅಲೆದು ಸಂಗ್ರಹಿಸಿ, ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದು, 1926ರಲ್ಲಿ "ಶಿವಾನುಭವ" ಪತ್ರಿಕೆಯನ್ನಾರಂಭಿಸಿ, ಕನ್ನಡಿಗರೆಲ್ಲರಿಂದ ವಚನಪಿತಾಮಹರೆನಿಸಿಕೊಂಡ ಹಳಕಟ್ಟಿಯವರ ಹೆಸರನ್ನು ನೆನೆಯಿರಿ: ಫಕೀರಪ್ಪ ಗುರುಬಸಪ್ಪ. ಫಕೀರನೂ ಗುರುಬಸವನೂ ಒಬ್ಬನೇ ಪುರುಷನ ಸಹಿಯಲ್ಲಿ ಒತ್ತಟ್ಟಿಗೆ ಕುಳಿತುದನ್ನು ಕಂಡು ಆ ಕಾಲದ ಯಾರಿಗೂ ಅಚ್ಚರಿಯಾದಂತೆ ತೋರದು.

ಹೆಣ್ಣುಹೆಸರುಗಳ ಆಸ್ತಿಯೂ ಕಡಿಮೆಯದೇನಲ್ಲ. ಬಸವಣ್ಣನವರ ಬಾಗೇವಾಡಿಯು ನಮ್ಮ ಜಿಲ್ಲೆಯದೇ ಆಗಿರಲು, ಅವರ ಅಕ್ಕ ನಾಗಮ್ಮನೂ ಮಡದಿಯರಾದ ಗಂಗಾಂಬಿಕೆ ನೀಲಾಂಬಿಕೆಯರೂ ನಮಗೆ ನೆರೆಮನೆಯವರೇ ಸರಿ. ತೊರವಿಯ ಹತ್ತಿರ 2003ರಲ್ಲಿ ಸ್ಥಾಪಿತವಾದ ರಾಜ್ಯದ ಮಹಿಳಾ ವಿಶ್ವವಿದ್ಯಾಲಯವು ಅಕ್ಕಮಹಾದೇವಿಯ ಹೆಸರನ್ನು ಧರಿಸಿರುವಾಗ, ಹೆಣ್ಣುಕೂಸಿಗೆ ಹೆಸರು ತೋಚಲಿಲ್ಲವೆಂಬ ನೆಪವು ನಮ್ಮ ಸೀಮೆಯವರ ಬಾಯಲ್ಲಿ ಒಪ್ಪುವುದಿಲ್ಲ.

ಹಿಂದಿನವರು ಇಟ್ಟ ಕೆಲವು ಹೆಸರುಗಳನ್ನು ಈಗಿನವರು ಕೇಳಿ ನಗುವುದುಂಟು. ಗುಂಡಪ್ಪ, ಕಲ್ಲವ್ವ, ತಿಪ್ಪಣ್ಣ, ಅಡಿವೆಪ್ಪ ಎಂಬಿವು ಬಹುಮಟ್ಟಿಗೆ ಒಂದೆರಡು ಕೂಸುಗಳನ್ನು ಮಣ್ಣುಮಾಡಿ ಬಂದ ತಾಯಂದಿರು, ಸಾವಿನ ಕಣ್ಣು ತಮ್ಮ ಮುಂದಿನ ಕೂಸಿನ ಮೇಲೆ ಬೀಳದಿರಲೆಂದು ಕಲ್ಲಿನ, ತಿಪ್ಪೆಯ, ಅಡವಿಯ ಮರೆಯಲ್ಲಿ ಅದನ್ನು ಅಡಗಿಸಿಟ್ಟ ಹೆಸರುಗಳು. ತೊಟ್ಟಿಲ ಕಾರ್ಯದಲ್ಲಿ ಕೂಸಿಗಿಂತ ಮೊದಲು ರುಬ್ಬುವ ಗುಂಡನ್ನು ಸಿಂಗರಿಸಿ ತೊಟ್ಟಿಲಿಗೆ ಹಾಕುವ ಆಚಾರದಲ್ಲಿಯೂ, ಇದು ಕಲ್ಲಿನಂತೆ ಗಟ್ಟಿಯಾಗಿ ಬಾಳಲೆಂಬ ಅದೇ ಹಂಬಲವು ಕಾಣುತ್ತದೆ. ಆ ಹೆಸರುಗಳನ್ನು ಈಗ ಇಡಬೇಕಾಗಿಲ್ಲ, ಕೇಳಿ ನಗಬೇಕಾಗಿಯೂ ಇಲ್ಲ. ಆದರೆ ಮೂರನೆಯದೋ ನಾಲ್ಕನೆಯದೋ ಹೆಣ್ಣು ಹುಟ್ಟಿದಾಗ ಇನ್ನು ಸಾಕೆಂದು ದೇವರಿಗೆ ತಿಳಿಸಲು ಇಟ್ಟ ಸಾಕವ್ವನೆಂಬ ಹೆಸರು ಬೇರೆ ಜಾತಿಯದು. ನೆರೆಯ ಮಹಾರಾಷ್ಟ್ರದಲ್ಲಿ ಇದೇ ಭಾವದಿಂದ ನಕೋಸಾ ಎಂದು ಹೆಸರಿಡಲ್ಪಟ್ಟಿದ್ದ ಇನ್ನೂರಕ್ಕೂ ಮಿಕ್ಕ ಹುಡುಗಿಯರಿಗೆ 2011ರಲ್ಲಿ ಸಾತಾರಾ ಜಿಲ್ಲೆಯವರು ಸಮಾರಂಭವನ್ನೇರ್ಪಡಿಸಿ ಹೊಸ ಹೆಸರುಗಳನ್ನಿಟ್ಟರು. ಹುಟ್ಟಿದ ಹೊತ್ತಿನಲ್ಲಿ ಮನೆಯವರು ಅರೆಗಳಿಗೆ ಯೋಚಿಸದೆ ಮಾಡಿದುದನ್ನು ಸರಿಪಡಿಸಲು ಒಂದು ಜಿಲ್ಲೆಯ ಆಡಳಿತವೇ ನಿಲ್ಲಬೇಕಾಯಿತು. "ಆವಾಗ ನೋಡೂಣಂತ" ಎಂಬ ಮಾತಿನಿಂದ ಸಾಕವ್ವನ ಹೆಸರಿಗೆ ನಾವು ತಿಳಿದಷ್ಟು ದೂರವಿಲ್ಲ.

ಹೊಸ ಹೆಸರುಗಳ ವಿಷಯಕ್ಕೆ ಬರೋಣ. ಕೈಯೊಳಗಿನ ಮೊಬೈಲನ್ನು ತೀಡಿದರೆ ಸಾವಿರಾರು ಹೆಸರುಗಳು ಉದುರುವ ಕಾಲವಿದು. ಅವುಗಳಲ್ಲಿ ಹಲವು ಅರ್ಧಾಕ್ಷರದಲ್ಲಿ ಮುಗಿಯತಕ್ಕವು. ನಮ್ಮ ಸೀಮೆಯ ನಾಲಗೆಗೆ ಹಾಗೆ ಮುಗಿಸಿ ರೂಢಿಯಿಲ್ಲ. ಬಸವರಾಜನನ್ನು ಬಸ್ಯಾನನ್ನಾಗಿಯೂ, ಮಲ್ಲಿಕಾರ್ಜುನನನ್ನು ಮಲ್ಲ್ಯಾನನ್ನಾಗಿಯೂ, ಸಂಗೀತೆಯನ್ನು ಸಂಗಿಯನ್ನಾಗಿಯೂ ಮಾಡಿಕೊಂಡ ಓಣಿಯು ನಿಮ್ಮ ಅದ್ವಿಕ್‌ನನ್ನು ಅದ್ವಿಕ್ಯಾನೆಂದು ಕರೆದೇ ಕರೆಯುವುದು; ಆ ಕರೆಯಲ್ಲಿ ಸಲಿಗೆಯಿದೆ, ಪ್ರೀತಿಯೂ ಇದೆ. ಆದುದರಿಂದ ಹೆಸರನ್ನು ಕಣ್ಣಿನಿಂದ ಆರಿಸಬೇಡಿರಿ, ಕಿವಿಯಿಂದ ಆರಿಸಿರಿ. ಸಂಜೆಯಲ್ಲಿ ತಾಯಿಯು ಬಾಗಿಲಲ್ಲಿ ನಿಂತು ಓಣಿಯ ಆ ಕೊನೆಯಲ್ಲಾಡುವ ಮಗುವನ್ನು ಕೂಗಿದರೆ ಹೇಗೆ ಕೇಳಿಸೀತು, ಶಾಲೆಯಲ್ಲಿ ಗುರುಗಳು ಹಾಜರಿ ಕರೆದರೆ ಹೇಗೆ ಕೇಳಿಸೀತು, ಹಲ್ಲಿಲ್ಲದ ಆಯಿಯು ನುಡಿದರೆ ಹೇಗೆ ಕೇಳಿಸೀತು ಎಂದು ಒಮ್ಮೆ ಗಟ್ಟಿಯಾಗಿ ನುಡಿದು ನೋಡಿರಿ. ಎಡೆ ದೊರೆತರೆ ಗೋಲಗುಮ್ಮಟದ ಒಳಗಿನ ಗ್ಯಾಲರಿಯಲ್ಲಿ ನಿಂತು ಎರಡೂ ಹೆಸರುಗಳನ್ನು ಒಂದೊಂದು ಸಲ ಕೂಗಿರಿ. ಮರುದನಿಯು ಯಾವ ಹೆಸರಿಗೂ ಪಕ್ಷಪಾತ ಮಾಡುವುದಿಲ್ಲ, ಗಂಡಿನದನ್ನೂ ಹೆಣ್ಣಿನದನ್ನೂ ಅಷ್ಟೇ ಸಲ ಹಿಂದಿರುಗಿಸುತ್ತದೆ. ಆದರೆ ಒಡೆದ ಹೆಸರು, ತೊಡಕಿನ ಹೆಸರು ಅಲ್ಲಿ ಒಡನೆಯೇ ಬಯಲಿಗೆ ಬರುತ್ತದೆ.

ನಕ್ಷತ್ರದ ಅಕ್ಷರವನ್ನು ಹಿಡಿಯುವವರಿಗೂ ಒಂದು ಮಾತು. ಪಂಚಾಂಗದ ಪ್ರಕಾರ ಆರ್ದ್ರಾ ನಕ್ಷತ್ರದ ಒಂದು ಪಾದಕ್ಕೆ ಙಕಾರವು ಬರುತ್ತದೆ, ಹಸ್ತದ ಒಂದು ಪಾದಕ್ಕೆ ಣಕಾರವು ಬರುತ್ತದೆ. ಆ ಅಕ್ಷರಗಳಿಂದ ಮೊದಲಾಗುವ ಹೆಸರನ್ನು ಈವರೆಗೆ ಯಾವ ತಾಯಿಯೂ ಕೂಗಿದ್ದನ್ನು ಕೇಳೆನು. ಶಾಸ್ತ್ರವನ್ನು ಬರೆದವರೇ ಅಲ್ಲಿ ಬುದ್ಧಿಗೆ ಸ್ವಲ್ಪ ಸ್ಥಳ ಬಿಟ್ಟಿರುವಾಗ, ಅಕ್ಷರಕ್ಕಾಗಿ ಅರ್ಥವನ್ನೂ ಕಿವಿಯನ್ನೂ ಬಲಿಗೊಡಬೇಕಾಗಿಲ್ಲ. ತೊಟ್ಟಿಲಲ್ಲಿ ಗುಟ್ಟಾಗಿ ಹೇಳುವ ನಕ್ಷತ್ರನಾಮ ಒಂದಿರಲಿ, ಲೋಕಕ್ಕೆ ಹೇಳುವ ಹೆಸರು ಮತ್ತೊಂದಿರಲಿ.

ಮಹಾಪುರುಷರ ಹೆಸರನ್ನಿಡಬಯಸುವವರು ಒಂದು ಸೂಕ್ಷ್ಮವನ್ನು ಲಕ್ಷಿಸಬೇಕು. ತಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ, ಜ್ಞಾನಯೋಗಾಶ್ರಮದಲ್ಲಿ ಬಾಳಿ, 2023ರ ಜನವರಿ 2ರಂದು ದೇಹವನ್ನು ಬಿಟ್ಟ ಸಿದ್ಧೇಶ್ವರ ಸ್ವಾಮಿಗಳು ಪದ್ಮಶ್ರೀ ಪ್ರಶಸ್ತಿಯನ್ನು ವಿನಯದಿಂದ ನಿರಾಕರಿಸಿದವರು, ತಮಗೆ ಸ್ಮಾರಕವನ್ನು ಕಟ್ಟಕೂಡದೆಂದು ಬರೆದಿಟ್ಟವರು. ಅವರ ಹೆಸರನ್ನು ಇಡಿರಿ, ಸಂತೋಷ. ಆದರೆ ಬೇಡವೆಂದ ಸ್ಮಾರಕವನ್ನು ಕೂಸಿನ ಹೆಗಲ ಮೇಲೆ ಕಟ್ಟಬೇಡಿರಿ. "ಇಂಥವರ ಹೆಸರಿಟ್ಟುಕೊಂಡು ಹೀಂಗ ಮಾಡ್ತಿಯೇನು" ಎಂಬ ಬೈಗುಳಕ್ಕೆ ಹೆಸರು ಸಾಧನವಾಗಬಾರದು. ಹಿರಿದಾದ ಹೆಸರೆಂದ ಮಾತ್ರಕ್ಕೆ ಅದು ಬಾಳದು. ಎರಡನೆಯ ಇಬ್ರಾಹಿಂ ಆದಿಲಶಾಹನು ತನಗೆ ಪ್ರಿಯವಾದ ನವರಸದ ಹೆಸರನ್ನಿಟ್ಟು ತೊರವಿಯ ಬಳಿ ಕಟ್ಟಿಸಹೊರಟ ನೌರಸಪುರವು ಹಾಳಾಗಿಹೋಯಿತು. ಮಹಮ್ಮದ ಆದಿಲಶಾಹನ ಹೆಸರು ಬಬಲೇಶ್ವರ ತಾಲೂಕಿನ ಮಮದಾಪುರದಲ್ಲಿ ಕೆರೆಯ ಜೊತೆಗೆ ಉಳಿದುಕೊಂಡಿತು. ಬಳಕೆಯಲ್ಲಿರುವ ವಸ್ತುವಿನ ಜೊತೆಗೇ ಹೆಸರು ಬಾಳುತ್ತದೆ. ಆದುದರಿಂದ ಹೆಸರನ್ನು ಅದನ್ನು ದಿನವೂ ಬಳಸತಕ್ಕ ಮಗುವಿನ ಕಡೆಯಿಂದ ಯೋಚಿಸಿರಿ.

ಇನ್ನು ಕೋಣೆ. ನಮ್ಮಲ್ಲಿ ಕೂಸಿಗೆ ಕೋಣೆಗಳು ಎರಡು. ಮೊದಲಿನದು ತವರಿನ ಬಾಣಂತಿಕೋಣೆ, ಮೂರೋ ಐದೋ ತಿಂಗಳಾದ ಮೇಲೆ ಬರುವುದು ತಂದೆಯ ಮನೆಯ ಕೋಣೆ. ಮೊದಲಿನದನ್ನು ತವರಿನ ಹಿರಿಯ ಹೆಂಗಸರು ಸಿದ್ಧಪಡಿಸುತ್ತಾರೆ. ಹೊರಸು, ಮೆತ್ತಗೆ ಸವೆದ ಸೀರೆಗಳಿಂದ ಹೊಲಿದ ಕೌದಿ, ಗುಳೇದಗುಡ್ಡದ ಖಣದಲ್ಲಿ ಹೊಲಿದ ಕುಂಚಿಗೆ ಕುಲಾವಿಗಳು, ಅನುಕೂಲವಿದ್ದವರಲ್ಲಿ ಕಲಘಟಗಿಯ ತೊಟ್ಟಿಲು. ಸಾಗವಾನಿಯ ಹಲಗೆಗೆ ಅರಗಿನ ಬಣ್ಣವನ್ನು ಹಚ್ಚಿ, ರಾಮಾಯಣದ ಕಥೆಯನ್ನೋ ಕೃಷ್ಣನ ಬಾಲಲೀಲೆಯನ್ನೋ ಬರೆದ ಆ ತೊಟ್ಟಿಲು ನಮ್ಮ ಹೆಣ್ಣುಮಕ್ಕಳ ಜೋಗುಳದೊಳಗೂ ಸೇರಿಹೋಗಿದೆ. ಒಂದು ಮನೆಯಲ್ಲಿ ಒಂದು ತೊಟ್ಟಿಲಿದ್ದರೆ ಬೀಗರು, ನೆಂಟರೆಲ್ಲರ ಕೂಸುಗಳಿಗೂ ಅದೇ ಸಾಕಾಗುವುದರಿಂದ ಹೊಸದನ್ನು ಕೊಳ್ಳಲೇಬೇಕೆಂಬ ಒತ್ತಾಯವನ್ನು ತವರಿನ ಮೇಲೆ ಹೇರದಿರುವುದು ಅಳಿಯನಾದವನ ಮೊದಲನೆಯ ಸೌಜನ್ಯ. ಹಗ್ಗ, ಸರಪಳಿ, ಕೊಂಡಿ ಭದ್ರವಾಗಿದ್ದರೆ ಹಳೆಯ ತೊಟ್ಟಿಲಿನಷ್ಟು ಒಳ್ಳೆಯ ತೊಟ್ಟಿಲಿಲ್ಲ.

ಎರಡನೆಯ ಕೋಣೆಯನ್ನು ಅಣಿಗೊಳಿಸುವುದು, ಮನೆಯಲ್ಲಿ ಒಬ್ಬನೇ ಉಳಿದ ತಂದೆಯೇ, ನಿನ್ನ ಕೆಲಸ. ಹೆಂಡತಿ ತವರಿನಲ್ಲಿರುವ ತಿಂಗಳುಗಳನ್ನು ವಿಧಿಯು ನಿನಗೆ ಇದಕ್ಕಾಗಿಯೇ ಕೊಟ್ಟಿದೆಯೆಂದು ತಿಳಿ. ನಮ್ಮ ಬೇಸಗೆಯು ನಲವತ್ತು ಡಿಗ್ರಿಯನ್ನು ಮೀರತಕ್ಕದ್ದು. ಮಣ್ಣಿನ ಮಾಳಿಗೆಯ, ದಪ್ಪ ಗೋಡೆಯ ಹಳೆಯ ಕೋಣೆಯಿದ್ದರೆ ಅದನ್ನೇ ಆರಿಸು, ಸುಣ್ಣ ಬಳಿಸು, ಗಾಳಿಯಾಡುವಂತೆ ಕಿಟಕಿಯನ್ನು ತೆರವುಮಾಡು. ತಗಡಿನ ಇಲ್ಲವೆ ಬರಿಯ ಸಿಮೆಂಟಿನ ಛಾವಣಿಯ ಕೆಳಗಿನ ಕೋಣೆಯು ನೋಡಲು ಹೊಸದಾಗಿದ್ದರೂ ಮಧ್ಯಾಹ್ನಕ್ಕೆ ಕಾದ ಹಂಚಾಗುತ್ತದೆ. ದ್ರಾಕ್ಷಿಯ ತೋಟವುಳ್ಳವನಾದರೆ ಔಷಧದ ಡಬ್ಬಿಗಳನ್ನೂ, ಸಿಂಪಡಿಸುವ ಪಂಪನ್ನೂ, ಆ ಹೊತ್ತಿನಲ್ಲಿ ತೊಟ್ಟ ಅಂಗಿಯನ್ನೂ, ಮನೂಕಕ್ಕೆ ಹಾಕುವ ಗಂಧಕವನ್ನೂ ಆ ಕೋಣೆಯಿಂದಲ್ಲ, ಆ ಮನೆಯಿಂದಲೇ ದೂರವಿರಿಸು. ತೋಟದಿಂದ ಬಂದವನು ಮೈತೊಳೆದು ಬಟ್ಟೆಯನ್ನು ಬದಲಿಸಿಯೇ ಕೂಸನ್ನು ಎತ್ತಿಕೊಳ್ಳಬೇಕೆಂಬುದನ್ನು ಈಗಿನಿಂದಲೇ ರೂಢಿಮಾಡಿಕೊ. ಸೊಳ್ಳೆಯ ಪರದೆಯೊಂದಿರಲಿ. ಗೋಡೆಗೆ ಯಾವ ಬಣ್ಣವಾದರೂ ಆದೀತು. ಇಂಥ ಬಣ್ಣ ಗಂಡಿನದು, ಇಂಥದು ಹೆಣ್ಣಿನದು ಎಂಬ ಹೊರಗಿನ ಹೊಸ ಕಟ್ಟಳೆಯು ಹಸುರು ಬಳೆಗೂ ಹಳದಿ ಕುಂಚಿಗೆಗೂ ಸಮನಾಗಿ ಒಲಿದ ನಮ್ಮ ಮನೆಗಳಿಗೆ ಬೇಕಾಗಿಲ್ಲ.

ಆಚಾರಗಳಲ್ಲಿ ಉಳಿಸತಕ್ಕವೂ ಇವೆ, ಬಿಡತಕ್ಕವೂ ಇವೆ. ಬಾಣಂತಿಗೆ ವಿಶ್ರಾಂತಿಯನ್ನು ಕೊಟ್ಟು, ಹೊರಗಿನವರ ಸುಳಿದಾಟವನ್ನು ತಡೆದು, ಬಿಸಿನೀರೆರೆದು ಬಿಸಿಯೂಟವನ್ನಿಕ್ಕುವ ಪದ್ಧತಿಯು ಯಾವ ವೈದ್ಯಶಾಸ್ತ್ರಕ್ಕೂ ಸಮ್ಮತವೇ. ಆದರೆ ಮುಚ್ಚಿದ ಕೋಣೆಯಲ್ಲಿ ಹೊರಸಿನ ಕೆಳಗೆ ಕೆಂಡವನ್ನಿಟ್ಟು ಹೊಗೆ ಹಾಕುವುದು ತಾಯಿಯ ಹಾಗೂ ಕೂಸಿನ ಉಸಿರಿಗೆ ಅಪಾಯ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು, ಆರು ತಿಂಗಳು ತುಂಬುವವರೆಗೆ ಎದೆಹಾಲೊಂದೇ ಎಂಬುದು ವೈದ್ಯರ ಸಾಮಾನ್ಯ ಸಲಹೆ. ಆದಕಾರಣ ನಾಲಗೆಗೆ ಜೇನು ಸವರುವುದನ್ನೂ ಬಜೆ ತೇಯ್ದು ನೆಕ್ಕಿಸುವುದನ್ನೂ ನಿಲ್ಲಿಸಬೇಕು, ಜೇನನ್ನಂತೂ ವರ್ಷ ತುಂಬುವವರೆಗೆ ಕೊಡಲೇಕೂಡದು. ಕಣ್ಣಿಗೆ ಕಾಡಿಗೆ ತೀಡುವುದು ಬೇಡ. ಕೂಸನ್ನು ಅಂಗಾತ ಮಲಗಿಸಿರಿ, ತಲೆಯ ಬಳಿ ದಿಂಬುಗಳ ಗುಡ್ಡೆಯಿರಬಾರದು. ಈ ಮಾತುಗಳನ್ನು ತವರಿನ ಹಿರಿಯರಿಗೆ ಹೇಳುವಾಗ ದನಿಯು ಮೃದುವಾಗಿರಲಿ. ಅವರ ಆಚಾರಗಳ ಹಿಂದಿರುವುದೂ ನಿಮ್ಮ ಕೂಸಿನ ಹಿತವೇ.

ಕೋಣೆಯೇ ಇಲ್ಲದವರನ್ನು ಮರೆತು ಈ ಪತ್ರವನ್ನು ಮುಗಿಸಲಾರೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಕಬ್ಬು ಕಡಿಯಲೆಂದು ಸಾಂಗಲಿ, ಕೊಲ್ಹಾಪುರಗಳ ಕಡೆಗೆ ಗುಳೆ ಹೋಗುವವರಲ್ಲಿ ದಿನ ತುಂಬಿದ ಬಸುರಿಯರೂ ಇರುತ್ತಾರೆ; ಅವರ ಕೂಸಿಗೆ ಹಳೆಯ ಸೀರೆಯ ಜೋಳಿಗೆಯೇ ತೊಟ್ಟಿಲು, ಗಿಡದ ನೆರಳೇ ಕೋಣೆ. ಅಂಥವರಿಗೆ ನನ್ನ ಕಳಕಳಿಯ ಮಾತೆಂದರೆ, ಕೂಸಿನ ಜನನವನ್ನು ಅದು ಹುಟ್ಟಿದ ಊರಿನಲ್ಲಿಯೇ ನೋಂದಿಸಬೇಕು, ನಿಮ್ಮೂರಿಗೆ ಮರಳಿದ ಮೇಲೆ ಎಂದುಕೊಂಡರೆ ತೊಡಕಾಗುವುದು. 1969ರ ಕಾಯಿದೆಯಂತೆ ಇಪ್ಪತ್ತೊಂದು ದಿನಗಳೊಳಗೆ ಜನನವನ್ನು ತಿಳಿಸತಕ್ಕದ್ದು. ಹೆಸರು ಇನ್ನೂ ನಿಶ್ಚಯವಾಗದಿದ್ದರೂ ನೋಂದಣಿಯು ನಿಲ್ಲಬೇಕಾಗಿಲ್ಲ. ಹೆಸರನ್ನು ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಯ ಪ್ರವೇಶ, ಆಧಾರ್, ಪಾಸ್‌ಪೋರ್ಟು ಮೊದಲಾದುವಕ್ಕೆಲ್ಲ ಜನನಪ್ರಮಾಣಪತ್ರವೇ ಆಧಾರವಾದುದರಿಂದ, ಅದರೊಳಗಿನ ಒಂದು ತಪ್ಪಕ್ಷರವು ಜೀವನಪರ್ಯಂತ ಬೆನ್ನು ಹತ್ತೀತು. ನಮ್ಮ ಸೀಮೆಯಲ್ಲಿ ಹೆಸರೆಂಬುದು ತನ್ನದು, ತಂದೆಯದು, ಅಡ್ಡಹೆಸರು ಎಂಬ ಮೂರು ಕೊಂಡಿಗಳ ಸರಪಳಿ; ಮೂರನ್ನೂ ಹೇಗೆ ಬರೆಯಬೇಕೆಂಬುದನ್ನು ಮೊದಲೇ ಕಾಗದದ ಮೇಲೆ ಸ್ಪಷ್ಟವಾಗಿ ಬರೆದಿಟ್ಟುಕೊಂಡು ಕಚೇರಿಗೆ ಹೋಗಿರಿ. ಆ ಸರಪಳಿಯಲ್ಲಿ ತಾಯಿಗೆ ಎಡೆಯಿಲ್ಲದಿದ್ದರೂ ಪ್ರಮಾಣಪತ್ರದಲ್ಲಿ ಅವಳ ಹೆಸರಿಗೆ ಒಂದು ಸಾಲಿದೆ. ಅಲ್ಲಿಯೂ ಅವಳ ಹೆಸರು, ಕೂಸಿನದರಷ್ಟೇ ಎಚ್ಚರದಿಂದ, ತಪ್ಪಿಲ್ಲದೆ ಬರಲಿ.

ತೊಟ್ಟಿಲ ದಿನ ಬರುತ್ತದೆ. ಸೋದರತ್ತೆಯು ಕೂಸಿನ ಕಿವಿಯಲ್ಲಿ "ಕುರ್ರ್" ಎಂದು ಹೆಸರನ್ನು ಉಸುರುತ್ತಾಳೆ, ಹುಡುಗರು ಅವಳ ಬೆನ್ನಿಗೆ ಗುದ್ದುತ್ತಾರೆ, ಹೆಂಗಸರು ಒಡಪು ಹೇಳಿಸುತ್ತಾರೆ, ಗುಗ್ಗರಿ ಹಂಚುತ್ತಾರೆ. ಗಂಡಾದರೆ ಇಡೀ ಊರಿಗೆ ಊಟ, ಹೆಣ್ಣಾದರೆ ಮನೆಮಂದಿಗಷ್ಟೇ ಎಂಬ ಅಂತರವು ಆ ದಿನ ನಿಮ್ಮ ಮನೆಯಲ್ಲಿ ಕಾಣದಿರಲಿ. ನಿಮ್ಮ ಕೈಲಾದುದು ಗುಗ್ಗರಿಯಷ್ಟೇ ಆದರೆ ಗುಗ್ಗರಿಯೇ ಸಾಕು, ಆದರೆ ಅಳತೆಯು ಎರಡಕ್ಕೂ ಒಂದೇ ಇರಲಿ. ಮತ್ತು ಆ ಅಳತೆಯನ್ನು ಕೂಸು ಹುಟ್ಟುವ ಮೊದಲೇ, ಮನಸ್ಸು ಇನ್ನೂ ಯಾವ ಕಡೆಗೂ ವಾಲದಿರುವ ಈ ದಿನಗಳಲ್ಲಿಯೇ, ಹಿರಿಯರೆದುರು ಹೇಳಿ ಗೊತ್ತುಮಾಡಿಕೊಳ್ಳಿರಿ.

ಎರಡು ಹೆಸರುಗಳನ್ನು ಸಿದ್ಧಪಡಿಸಿದವರ ಕೈಯಲ್ಲಿ, ಅವಳಿಗಳಾಗದ ಹೊರತು, ಒಂದು ಉಳಿಯುತ್ತದೆ. ಇಷ್ಟೊಂದು ಪ್ರೀತಿಯಿಂದ ಹುಡುಕಿದುದನ್ನು ಮುಂದಿನ ಕೂಸಿಗೆಂದು ಮುಚ್ಚಿಡಬೇಕಾಗಿಲ್ಲ. ನಿಮ್ಮ ಓಣಿಯಲ್ಲಿಯೋ ನೆಂಟರಲ್ಲಿಯೋ ಕುಬಸ ಮುಗಿಸಿಕೊಂಡ ಮತ್ತೊಬ್ಬಳಿರುವಳಷ್ಟೆ. ಮಾತನಾಡಿಸಲೆಂದು ಹೋದಾಗ ಆ ಹೆಸರನ್ನು ಅವಳಿಗೆ ಹೇಳಿಬನ್ನಿರಿ. ಅದು ಹೆಣ್ಣಿನ ಹೆಸರಾಗಿದ್ದರಂತೂ ತಪ್ಪದೆ ಹೇಳಿರಿ. ಏಕೆಂದರೆ ಆ ಮನೆಯಲ್ಲಿ ಅದನ್ನು ಇನ್ನೂ ಯಾರೂ ಯೋಚಿಸಿರಲಿಕ್ಕಿಲ್ಲ.

ಸುಖವಾಗಿ ಹೆರಿಗೆಯಾಗಲಿ, ತಾಯಿಕೂಸು ಕ್ಷೇಮವಾಗಿರಲಿ ಎಂದು ಹಾರೈಸುವ,

ನಿಮ್ಮ ಹಿತೈಷಿ